ಬಲಗಡೆಯ ಬಟನ್

ಮುಂಬೈಯ ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿಗೆ ಯಾರೇ ಬರಲಿ, ಮೊದಲು ಗೇಟಿನಲ್ಲಿ ಅವರ ಫೋಟೋ ಆಗಬೇಕು. ವಾಚ್‌ಮನ್ ಕೈಯಲ್ಲಿ ಒಂದು ಫೋನ್ ಇರುತ್ತದೆ. ಬಂದವರು ಅದರ ಮುಂದೆ ನಿಂತು ಹೆಸರು, ನಂಬರು, ಯಾವ ಫ್ಲ್ಯಾಟು, ಯಾಕೆ ಬಂದದ್ದು ಎಲ್ಲವನ್ನೂ ಒಪ್ಪಿಸಬೇಕು. ಆಮೇಲೆ ಆ ಫೋಟೋ ಮನೆಯವರ ಫೋನಿಗೆ ಬಂದು ಟಿಂಗ್ ಟಿಂಗ್ ಎಂದು ಬಡಿದುಕೊಳ್ಳುತ್ತದೆ. ಇವರನ್ನು ಒಳಗೆ ಬಿಡಬಹುದೇ, ಬೇಡವೇ? ಅದಕ್ಕೆ ಎರಡು ಬಟನ್. ನನ್ನ ಒಡಹುಟ್ಟಿದ ತಮ್ಮನೂ ಹೀಗೆ ನಿಂತು ಫೋಟೋ ತೆಗೆಸಿಕೊಂಡೇ ಬರಬೇಕು. "ಅಕ್ಕಾ, ನಿನ್ನ ಮನೆಗೆ ಬರೋದಕ್ಕಿಂತ ಏರ್‌ಪೋರ್ಟಿನೊಳಗೆ ಹೋಗೋದು ಸುಲಭ" ಎಂದು ಒಮ್ಮೆ ಅವನು ಚಪ್ಪಲಿ ಬಿಡುತ್ತಾ ಗೊಣಗಿದ್ದ. ಅವನು ಅವತ್ತು ಏರ್‌ಪೋರ್ಟಿನಿಂದಲೇ ನೇರ ಬಂದಿದ್ದರಿಂದ ನಾನು ಎದುರು ಮಾತಾಡಲಿಲ್ಲ.

ಹಳೆಯ ಬಿಲ್ಡಿಂಗಿಗೂ ಗೇಟು ಇತ್ತು. ಅದರ ಒಂದು ಬಾಗಿಲು ಸದಾ ತೆರೆದಿರುತ್ತಿತ್ತು, ಇನ್ನೊಂದು ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ರೀಡೆವಲಪ್‌ಮೆಂಟ್ ಎಂದು ಹಳೆಯದನ್ನು ಕೆಡವಿ ನಮ್ಮ ಮೂರು ಮಾಳಿಗೆಯ ಜಾಗದಲ್ಲಿ ಗೋಪುರ ಎದ್ದ ಮೇಲೆ ಎಲ್ಲರ ಬಾಯಲ್ಲೂ ಸೆಕ್ಯುರಿಟಿ ಎಂಬ ಮಾತು ಬಂತು. ಮೊದಲು ಇಂಟರ್‌ಕಾಮ್ ಹಾಕಿದರು. ಗೇಟಿನಿಂದ ವಾಚ್‌ಮನ್ ಫೋನ್ ಮಾಡಿ "ಆಪ್ ಕೆ ಯಹಾಂ ಮೆಹ್ಮಾನ್ ಆಯೇ ಹೈಂ", ನಿಮ್ಮಲ್ಲಿಗೆ ನೆಂಟರು ಬಂದಿದ್ದಾರೆ, ಎನ್ನುತ್ತಿದ್ದ, ನಾವು "ಭೇಜ್ ದೋ", ಕಳಿಸು, ಎನ್ನುತ್ತಿದ್ದೆವು. ಅದಕ್ಕೇನು ಕಡಿಮೆಯಾಗಿತ್ತೋ ದೇವರಿಗೇ ಗೊತ್ತು, ಅದನ್ನು ಕಿತ್ತು ಹಾಕಿ ಈ ಆ್ಯಪ್ ತಂದರು. ಇದು ಬರಿಯ ಗೇಟು ಕಾಯುವುದಿಲ್ಲ. ಮನೆಸಾಲ ಬೇಕೇ ಎಂದು ಕೇಳುತ್ತದೆ, ಹಲ್ಲು ಬಿಳಿ ಮಾಡಿಸಿಕೊಳ್ಳಿ ಎನ್ನುತ್ತದೆ, ಮನೆಗೆಲಸದವಳಿಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಆಗಾಗ ವಿಚಾರಿಸುತ್ತದೆ. ಅವಳು ನನಗೆ ಎಷ್ಟು ಕೊಡುತ್ತಾಳೆ ಎಂದು ಅವಳನ್ನು ಯಾರೂ ಕೇಳುವುದಿಲ್ಲ, ನನ್ನ ಪುಣ್ಯ.

ನನಗೆ ಫೋರ್ಟ್ ಏರಿಯಾದಲ್ಲಿ ಬ್ಯಾಂಕಿನ ಕೆಲಸ. ಯಜಮಾನರಿಗೆ ನಾಗಪುರಕ್ಕೆ ವರ್ಗವಾಗಿದೆ. ಮಗಳು ಅಂಧೇರಿಯ ಒಂದು ಕಂಪನಿಯಲ್ಲಿ ಡಿಸೈನರ್, ಅಂದರೆ ಫೋನಿನ ಪರದೆಯ ಮೇಲೆ ಯಾವ ಬಟನ್ ಎಲ್ಲಿರಬೇಕು ಎಂದು ನಿರ್ಧರಿಸುವ ಕೆಲಸ. ಇಂಥ ಒಂದು ಉದ್ಯೋಗ ಲೋಕದಲ್ಲಿದೆ ಎಂದು ನಾನು ನಂಬಿದ್ದು ಅವಳ ಸಂಬಳ ಕೇಳಿದ ಮೇಲೆ. ಹಗಲು ಹೊತ್ತು ಮನೆಯಲ್ಲಿರುವವರು ನನ್ನ ಅತ್ತೆ ಒಬ್ಬರೇ. ಎಂಬತ್ತು ದಾಟಿದ್ದಾರೆ, ಕಿವಿ ಚುರುಕು, ಮಂಡಿ ಮಾತ್ರ ಮಾತು ಕೇಳುವುದಿಲ್ಲ. ಗೇಟಿನಿಂದ ಬರುವ ಟಿಂಗ್ ಟಿಂಗ್‌ಗೆ ನಾನು ಲೋಕಲ್ ಟ್ರೇನ್‌ನಲ್ಲಿ ನೇತಾಡುತ್ತಾ ಉತ್ತರ ಕೊಡುವುದು ಸಾಧ್ಯವಿಲ್ಲವಾದ್ದರಿಂದ ಮಗಳು ತನ್ನ ಹಳೆಯ ಟ್ಯಾಬಿಗೆ ಆ್ಯಪ್ ಹಾಕಿ, ಬಾಗಿಲ ಪಕ್ಕದ ಶೆಲ್ಫಿನಲ್ಲಿ ನಿಲ್ಲಿಸಿ ಅಜ್ಜಿಗೆ ಒಪ್ಪಿಸಿದಳು.

ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಬಟನ್ ಮೇಲೆ ಬರೆದದ್ದು ಇಂಗ್ಲಿಷು, ಅಕ್ಷರವೋ ಸಾಸಿವೆ ಕಾಳಿನಷ್ಟು. ಅತ್ತೆಗೆ ಅದು ಕಾಣುವ ಮಾತಲ್ಲ. ನನಗೆ ಹೊಳೆದ ಉಪಾಯ ಒಂದೇ. "ಅತ್ತೆ, ಅರಿಶಿನ ಕುಂಕುಮ ಯಾವ ಕೈಲಿ ಕೊಡ್ತೀರಿ?" ಎಂದೆ. "ಇದೇನು ಕೇಳ್ತೀಯೇ, ಬಲಗೈಲಿ" ಎಂದರು. "ಹಾಗಾದ್ರೆ ಬನ್ನಿ ಅನ್ನೋದಕ್ಕೆ ಬಲಗಡೆದು, ಬೇಡ ಅನ್ನೋದಕ್ಕೆ ಎಡಗಡೆದು. ಅಷ್ಟೇ ಜ್ಞಾಪಕ ಇಟ್ಕೊಳ್ಳಿ." ಅವರು ಒಮ್ಮೆ ಬಲಗೈ ನೋಡಿಕೊಂಡು, ಒಮ್ಮೆ ಟ್ಯಾಬ್ ನೋಡಿ ತಲೆಯಾಡಿಸಿದರು. ಆಮೇಲೆ ಒಂದು ಸಲವೂ ತಪ್ಪಲಿಲ್ಲ.

ತಪ್ಪದೇ ಇದ್ದದ್ದು ಹೋಗಲಿ, ಅವರಿಗೆ ಅದರ ರುಚಿಯೇ ಹತ್ತಿಬಿಟ್ಟಿತು. ಕೊರಿಯರ್ ಹುಡುಗರು, ಗ್ಯಾಸಿನವನು, ಹೂವಿನವಳು, ಎಲ್ಲರನ್ನೂ ಧಾರಾಳವಾಗಿ ಒಳಗೆ ಬಿಟ್ಟರು. ಒಮ್ಮೆ ನಮ್ಮ ಫ್ಲ್ಯಾಟಿನ ನಂಬರು ತಪ್ಪಿ ಹೇಳಿದ ಮೀನಿನವಳನ್ನೂ ಬಿಟ್ಟರು. ಅವಳು ಬುಟ್ಟಿ ಸಮೇತ ನಮ್ಮ ಬಾಗಿಲಲ್ಲಿ ನಿಂತಾಗ ಮೂಗು ಮುಚ್ಚಿಕೊಂಡೇ "ಕುಡಿಯೋಕೆ ನೀರು ಬೇಕೇನಮ್ಮ" ಎಂದು ಕೇಳಿದರಂತೆ. ಎಡಗಡೆಯ ಬಟನನ್ನು ಅವರು ಜನ್ಮದಲ್ಲಿ ಒತ್ತಿರಲಿಕ್ಕಿಲ್ಲ. ಮನೆ ಬಾಗಿಲಿಗೆ ಬಂದವರನ್ನು ಬೇಡ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಇನ್ನು ನವರಾತ್ರಿ. ನಾವು ಮೈಸೂರಿನ ಕಡೆಯವರು, ಗೊಂಬೆ ಕೂರಿಸುತ್ತೇವೆ. ಅತ್ತೆ ಮದುವೆಯಾಗಿ ಮುಂಬೈಗೆ ಬರುವಾಗ ತಂದ ಪಟ್ಟದ ಗೊಂಬೆಗಳಿಂದ ಹಿಡಿದು, ಮಗಳು ಚಿಕ್ಕವಳಿದ್ದಾಗ ರಟ್ಟಿನಲ್ಲಿ ಮಾಡಿದ ಪಾರ್ಲೆ ಸ್ಟೇಷನ್ನಿನವರೆಗೆ ಎಲ್ಲವೂ ಹಾಲ್‌ನಲ್ಲಿ ಕಟ್ಟಿದ ಮೆಟ್ಟಿಲುಗಳ ಮೇಲೆ ಕೂರುತ್ತವೆ. ಗೊಂಬೆ ನೋಡಲು ಬನ್ನಿ ಎಂದು ಪರಿಚಯದವರಿಗೆ ಮೊದಲೇ ಹೇಳಿರುತ್ತೇವೆ. ಅವರು ಒಂಬತ್ತು ದಿನಗಳಲ್ಲಿ ಯಾವ ಸಂಜೆ ಅನುಕೂಲವೋ ಅವತ್ತು ಬರುತ್ತಾರೆ, ಇಂಥ ದಿನ ಇಷ್ಟು ಹೊತ್ತಿಗೆ ಎಂದು ಯಾರೂ ತಿಳಿಸುವುದಿಲ್ಲ. ಬಂದವರಿಗೆ ಸಿದ್ಧವಾಗಿ ಉಸಲಿ ಮಾಡಿಟ್ಟುಕೊಂಡು ಕಾಯುವುದು ನಮ್ಮ ಕೆಲಸ. ಮೊದಲೇ ಕೋಡ್ ಕಳಿಸಿದರೆ ಗೇಟಿನಲ್ಲಿ ತೊಂದರೆ ಇಲ್ಲ ಎಂದು ಆ್ಯಪ್ ಹೇಳುತ್ತದೆ. ಆದರೆ ಬರುವ ದಿನ, ಬರುವ ಗಂಟೆ ತುಂಬದೆ ಅದು ಕೋಡ್ ಕೊಡುವುದಿಲ್ಲ. ಗೊಂಬೆ ನೋಡಲು ಬರುವವರಿಗೆ ಅಪಾಯಿಂಟ್‌ಮೆಂಟ್ ಕೊಡಲು ನಾವೇನು ಹಲ್ಲಿನ ಡಾಕ್ಟರೇ?

ಅತ್ತೆ ಪ್ರತಿ ವರ್ಷ ಎದುರು ನೋಡುವುದು ಒಬ್ಬ ಗೆಳತಿಯನ್ನೇ. ನಮ್ಮ ಮನೆಯಲ್ಲಿ ಅವರನ್ನು ಅವರ ಏರಿಯಾದ ಹೆಸರಿನಿಂದ ಬೈಕುಲ್ಲಾದವರು ಎನ್ನುತ್ತೇವೆ. ಉಡುಪಿಯ ಕಡೆಯವರು, ಅವರ ಯಜಮಾನರು ಫೋರ್ಟಿನಲ್ಲಿ ಹೋಟೆಲು ಇಟ್ಟಿದ್ದರು. ನನ್ನ ಮಾವ ಅಲ್ಲಿಯೇ ಹತ್ತಿರದ ಆಫೀಸಿನಲ್ಲಿದ್ದು, ನಿವೃತ್ತರಾಗುವವರೆಗೆ ಮಧ್ಯಾಹ್ನದ ಊಟ ಅದೇ ಹೋಟೆಲಿನಲ್ಲಿ ಮಾಡಿದರು. ಗಂಡಸರ ಸ್ನೇಹ ಗಲ್ಲಾದ ಪಕ್ಕ ನಿಂತು ಆಡುವ ಮಾತಿನಲ್ಲೇ ಉಳಿಯಿತು. ಹೆಂಗಸರದು ಮಾತ್ರ ಬೆಳೆಯಿತು. ಅವರ ಊರಿನಲ್ಲಿ ಗೊಂಬೆ ಕೂರಿಸುವ ರೂಢಿ ಇಲ್ಲ. ಮೊದಲ ವರ್ಷ ನಮ್ಮ ಗೊಂಬೆ ನೋಡಿ ಅವರು "ಇಷ್ಟೊಂದನ್ನು ಧೂಳು ಒರೆಸ್ಲಿಕ್ಕೆ ಯಾರು ಮಾರಾಯ್ರೆ?" ಎಂದು ಕೇಳಿದ್ದನ್ನು ಅತ್ತೆ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಮಾವ ತೀರಿಕೊಂಡ ವರ್ಷ ಅತ್ತೆ ಗೊಂಬೆಗಳನ್ನು ನನ್ನ ಕೈಯಲ್ಲಿ ಕೂರಿಸಿ, ತಾವು ಒಳಗಿನ ಕೋಣೆ ಸೇರಿ ಬಾಗಿಲು ಮುಂದಕ್ಕೆ ಮಾಡಿಕೊಂಡಿದ್ದರು. ಮುತ್ತೈದೆಯರು ಬರುವ ಹೊತ್ತು, ತಾವು ಎದುರಿಗೆ ಬರಬಾರದು ಎಂಬುದು ಅವರ ಲೆಕ್ಕ. ಬೈಕುಲ್ಲಾದವರು ಬಂದರು. ಅಕ್ಕ ಎಲ್ಲಿ ಎಂದು ಕೇಳಿದರು. ನೇರ ಒಳಗೆ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದು ಗೊಂಬೆಗಳ ಮುಂದೆ ಕೂರಿಸಿದರು. "ನಾನು ದಾದರ್‌ನಲ್ಲಿ ಗಾಡಿ ಬದಲಿಸಿ, ಆ ರಶ್ಶಲ್ಲಿ ಬಂದದ್ದು ನಿಮ್ಮನ್ನು ನೋಡ್ಲಿಕ್ಕೆ. ಗೊಂಬೆ ಹೋದ ವರ್ಷದ್ದೇ ಅಲ್ವಾ?" ಎಂದು ತಮ್ಮ ತಲೆಯ ಮಲ್ಲಿಗೆಯನ್ನು ಅರ್ಧ ಕಿತ್ತು ಅತ್ತೆಯ ಮುಡಿಗೆ ಸಿಕ್ಕಿಸಿದರು. ಅವತ್ತಿನಿಂದ ಅತ್ತೆ ಮತ್ತೆ ಹಾಲ್‌ನಲ್ಲಿ ಕೂರಲು ಶುರು ಮಾಡಿದರು. ನಾನೂ ಆ ಮನೆಯ ಸೊಸೆ, ಆ ಕೆಲಸ ನನ್ನಿಂದ ಆಗಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಬೈಕುಲ್ಲಾದವರ ಯಜಮಾನರು ತೀರಿಕೊಂಡರು. ಈ ನವರಾತ್ರಿ ಹತ್ತಿರ ಬಂದಾಗ ಅತ್ತೆ ತಾವೇ ಫೋನ್ ಮಾಡಿದರು. ಸ್ಪೀಕರ್ ಹಾಕದೆ ಅವರಿಗೆ ಮಾತಾಡಲು ಬಾರದ ಕಾರಣ ಎಲ್ಲವೂ ನನಗೆ ಕೇಳಿಸಿತು.

"ನಾನು ಈ ವರ್ಷ ಇಲ್ಲ ಅಕ್ಕ. ನಾಲ್ಕು ಜನ ಬರುವ ಹೊತ್ತು, ನಾನು ಬಂದ್ರೆ ಅವರಿಗೆ ಸರಿ ಕಾಣ್ಲಿಕ್ಕಿಲ್ಲ."

"ಯಾರಿಗೆ ಸರಿ ಕಾಣದೆ ಇದ್ರೂ ಅವರು ಮನೆಗೆ ಹೋಗ್ಲಿ. ನೀವು ಬರಲೇಬೇಕು. ನಾನು ಬಾಗಿಲಲ್ಲೇ ಕೂತಿರ್ತೀನಿ."

"ನೋಡುವ" ಎಂದರು ಅವರು. ಆ ಕಡೆಯವರು ನೋಡುವ ಎಂದರೆ ಬರುವುದಿಲ್ಲ ಎಂದೇ ಅರ್ಥ ಎಂದು ನಾನು ಅಂದುಕೊಂಡೆ. ಅತ್ತೆ ಮಾತ್ರ ಮರುದಿನವೇ ಅವರಿಗೆಂದು ಒಂದು ಸೀರೆ ತೆಗೆದಿಟ್ಟರು. ಹಸಿರು ಅಂಚಿನದು.

ನವರಾತ್ರಿಯ ಮೂರನೆಯ ದಿನ ಆ್ಯಪ್ ಹೊಸ ವೇಷ ಹಾಕಿಕೊಂಡಿತು. ರಾತ್ರೋರಾತ್ರಿ ತಾನೇ ಬದಲಾಗಿ, ಬೆಳಿಗ್ಗೆ ನೋಡಿದರೆ ಮೊದಲ ಪರದೆಯಲ್ಲಿ ಚೆಂಡು ಹೂವಿನ ತೋರಣ, ದಾಂಡಿಯಾ ಕೋಲು, ಹಬ್ಬದ ಶುಭಾಶಯ, ಕೆಳಗೆ ಒಂದು ಸಾಲದ ಜಾಹೀರಾತು. ನಾನು ಅದನ್ನೆಲ್ಲ ಬೆರಳಿನಿಂದ ಸರಿಸಿ ಟ್ರೇನ್ ಹಿಡಿಯಲು ಓಡಿದೆ. ನನ್ನಂಥವಳಿಗೆ ಮತ್ತೇನು ನೋಡಲು ಪುರುಸೊತ್ತಿರುತ್ತದೆ?

ಅವತ್ತು ಸಂಜೆ ನಾನು ಆಫೀಸಿನಿಂದ ಬಂದು ಲಿಫ್ಟಿನಿಂದ ಇಳಿದರೆ ನಮ್ಮ ಬಾಗಿಲು ಹಾರುಹೊಡೆದಿತ್ತು. ಹೊಸಿಲಿನ ಪಕ್ಕ ಕುರ್ಚಿ ಹಾಕಿಕೊಂಡು ಅತ್ತೆ ಕೂತಿದ್ದರು. ಮಡಿಲಲ್ಲಿ ಆ ಹಸಿರು ಅಂಚಿನ ಸೀರೆ. ನನ್ನ ಹಿಂದೆ ಲಿಫ್ಟಿನಲ್ಲಿ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಕತ್ತು ಉದ್ದ ಮಾಡಿ ನೋಡಿದರು.

"ಬೈಕುಲ್ಲಾದವರು ಬಂದ್ರು ಕಣೇ! ಗೇಟಿಂದ ಫೋಟೋ ಬಂತು, ನಾನೇ ಒತ್ತಿದೆ. ಆಗ್ಲಿಂದ ಕೂತಿದೀನಿ, ಇನ್ನೂ ಮೇಲಕ್ಕೆ ಬಂದಿಲ್ಲ. ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡ್ರೋ ಏನೋ, ಹೋಗಿ ನೋಡಮ್ಮ."

ಲಿಫ್ಟ್ ಸರಿಯಾಗಿತ್ತು, ನಾನು ಅದರಲ್ಲೇ ಬಂದಿದ್ದೆ. ಬ್ಯಾಗನ್ನೂ ಇಳಿಸದೆ ಕೆಳಗೆ ಹೋದೆ. ವಾಚ್‌ಮನ್ ಫೋನ್ ತೆಗೆದು ತೋರಿಸಿದ. ಬೈಕುಲ್ಲಾದವರ ಮುಖ, ಮೇಲಿನಿಂದ ತೆಗೆದದ್ದು, ಖಾಲಿ ಹಣೆ, ಕ್ಯಾಮೆರಾದ ಕಡೆ ನೋಡಬೇಕೋ ಬೇಡವೋ ಎಂದು ತಿಳಿಯದ ಕಣ್ಣು. ಅದರ ಮೇಲೆ ಅಡ್ಡಲಾಗಿ ಡಿನೈಡ್ ಎಂಬ ಮುದ್ರೆ.

"ಆಪ್ ಕೆ ಘರ್ ಸೇ ಹೀ ಮನಾ ಕಿಯಾ, ಮ್ಯಾಡಮ್" ಎಂದ ಅವನು. ನಿಮ್ಮ ಮನೆಯಿಂದಲೇ ಬೇಡ ಎಂದರು. "ಮೈನೇ ಮಾಜೀ ಕೋ ಬೋಲ್ ದಿಯಾ." ಬಂದ ಆ ಅಮ್ಮನಿಗೆ ಹಾಗೇ ಹೇಳಿಬಿಟ್ಟೆ. ಆಮೇಲೆ ಅವರು ಏನು ಮಾಡಿದರು ಎಂದು ನಾನು ಕೇಳಿದೆ. ಹೂವಿನ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡಿದ್ದರಂತೆ, ಹಾಗೇ ಸ್ಟೇಷನ್ ಕಡೆ ನಡೆದುಹೋದರಂತೆ.

ಮೇಲೆ ಬಂದು ಟ್ಯಾಬ್ ನೋಡಿದೆ. ಆಗ ಕಾಣಿಸಿತು. ಬನ್ನಿ ಎನ್ನುವ ಬಟನ್ ಎಡಗಡೆ ಹೋಗಿತ್ತು. ಬೇಡ ಎನ್ನುವುದು ಬಲಗಡೆ ಬಂದು ಕೂತಿತ್ತು. ಮೊದಲು ಒಂದು ಹಸಿರು, ಒಂದು ಕೆಂಪು ಇತ್ತು. ಈಗ ಎರಡೂ ಬೂದಿ ಬಣ್ಣ, ತೆಳ್ಳಗಿನ ಗೆರೆ, ಅಕ್ಷರ ಮೊದಲಿಗಿಂತ ಸಣ್ಣದು. ನನಗೆ ಮೈ ಉರಿದುಹೋಯಿತು. ಇದನ್ನು ಅತ್ತೆಗೆ ಹೇಳದೇ ಇರುವುದು ಹೇಗೆ? ಹೇಳಿದೆ. ಅವರು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಗಂಡ ಹೋದವಳು ಅಂತ ನಾವು ಬೇಡ ಅಂದ್ವಿ ಅಂದ್ಕೊಂಡಿರ್ತಾರೆ" ಎಂದರು. "ನಾನೇ ಕರೆದು, ನಾನೇ ಗೇಟಲ್ಲಿ ನಿಲ್ಲಿಸಿ ಕಳಿಸಿದ ಹಾಗಾಯ್ತು."

ಮಗಳು ಬಂದಾಗ ನಾನು ಅವಳ ಮೇಲೆ ಬಿದ್ದೆ. ಆ ಆ್ಯಪ್ ಅವಳ ಕಂಪನಿಯದ್ದಲ್ಲ, ಅದು ನನಗೂ ಗೊತ್ತು. ಆದರೆ ಬಟನ್ ಎತ್ತಿಡುವ ಜಾತಿಯವರಲ್ಲಿ ನನ್ನ ಕೈಗೆ ಸಿಕ್ಕುವವಳು ಅವಳೊಬ್ಬಳೇ. ಅವಳು ಟ್ಯಾಬ್ ನೋಡಿ, ಪಾಪ, ಅದರ ಕಾರಣವನ್ನೂ ವಿವರಿಸಿದಳು.

"ಅಮ್ಮಾ, ಜನ ನೋಡದೇನೇ ಅಪ್ರೂವ್ ಮಾಡ್ತಾರಲ್ಲ, ಹ್ಯಾಬಿಟ್ ಆಗಿರತ್ತೆ. ಅದಕ್ಕೇ ಬಟನ್ ಸ್ವಾಪ್ ಮಾಡಿರ್ತಾರೆ. ಸ್ವಲ್ಪ ನಿಂತು ಯೋಚನೆ ಮಾಡ್ಲಿ ಅಂತ. ಸೇಫ್ಟಿಗೆ."

"ಯಾರ ಸೇಫ್ಟಿಗೆ? ಆ ಹೆಂಗಸು ಇಲ್ಲಿ ಏನು ದರೋಡೆ ಮಾಡ್ತಿದ್ರು, ಉಸಲಿನಾ?"

"ಮೇರೆ ಪೇ ಕ್ಯೂಂ ಚಿಲ್ಲಾ ರಹೀ ಹೋ? ನನ್ನ ಮೇಲೆ ಯಾಕೆ ಕೂಗ್ತೀಯಾ, ನಾನು ಮಾಡಿದ್ದಾ?"

"ಬಣ್ಣ ಯಾಕೆ ತೆಗೆದ್ರು?"

"ಅದು... ಕಾಮ್ ಲುಕ್. ಈಗ ಎಲ್ಲಾ ಹಾಗೇ. ಕಣ್ಣಿಗೆ ಶಾಂತಿ ಅಂತ."

ಶಾಂತಿಯಂತೆ! ಒಂದು ಇರುವ ಕಡೆ ಇರುವುದನ್ನು ಸಹಿಸದ ಜನ ಇವರು. ಬ್ಯಾಂಕಿನಲ್ಲಿ ನಾವು ಹೊಸ ಸಾಫ್ಟ್‌ವೇರಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಅದನ್ನು ಕಿತ್ತು ಇನ್ನೊಂದು ತರುತ್ತಾರೆ. ಫೋನಿನಲ್ಲಿ ಅಲಾರಂ ಆರಿಸುವ ಜಾಗ ಮೂರು ಸಲ ಬದಲಾಗಿದೆ, ಈಗ ಅದು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಪೂರ್ತಿ ಎಚ್ಚರವಾಗಿಬಿಡುತ್ತದೆ. ಕಂಡವರ ಅಡುಗೆಮನೆಗೆ ನುಗ್ಗಿ ಉಪ್ಪು ಸಕ್ಕರೆ ಡಬ್ಬಿ ಅದಲು ಬದಲು ಮಾಡಿ, ಎರಡಕ್ಕೂ ಒಂದೇ ಬಣ್ಣ ಬಳಿದು, ಮೇಲೆ ಹಬ್ಬದ ಶುಭಾಶಯ ಹೇಳಿ ಹೋದರೆ ಯಾರಾದರೂ ಸುಮ್ಮನಿರುತ್ತಾರೆಯೇ? ಫೋನಿನಲ್ಲಿ ಮಾಡಿದರೆ ಅದಕ್ಕೆ ಸುಧಾರಣೆ ಎಂದು ಹೆಸರು.

ಮರುದಿನ ಬೆಳಿಗ್ಗೆ ಬೈಕುಲ್ಲಾದವರಿಗೆ ಫೋನ್ ಮಾಡಿದೆ. ಹಿಂದಿನ ಸಂಜೆ ಅತ್ತೆ ಮಾಡಿದಾಗ ಅವರು ಎತ್ತಿರಲಿಲ್ಲ. ಈಗ ಎತ್ತಿದರು, ಎಂದಿನ ಹಾಗೇ ಮಾತಾಡಿದರು, ಅದೇ ಕೆಟ್ಟದ್ದು. ನಾನು ಎಲ್ಲವನ್ನೂ ಹೇಳಿದೆ. ಬಟನ್ ಮೊದಲು ಬಲಗಡೆ ಇತ್ತು, ಕಂಪನಿಯವರು ಎಡಗಡೆಗೆ ಹಾಕಿದರು, ಅತ್ತೆಗೆ ಗೊತ್ತಾಗಲಿಲ್ಲ, ಅವರು ಸಂಜೆಯಿಡೀ ಬಾಗಿಲು ತೆಗೆದು ಕೂತಿದ್ದರು. ಹೇಳುತ್ತಾ ಹೇಳುತ್ತಾ ನನ್ನ ಮಾತು ನನಗೇ ಕೇಳಿಸತೊಡಗಿತು. ಇಷ್ಟು ಕಳಪೆ ಸುಳ್ಳನ್ನು ಶಾಲೆಯ ಮಕ್ಕಳೂ ಹೇಳುವುದಿಲ್ಲ.

"ಹೌದಾ? ಬಟನ್ನಾ? ಆಗಿರ್ಬಹುದು, ಆಗಿರ್ಬಹುದು" ಎಂದರು ಅವರು ಮೆತ್ತಗೆ. "ನೀವು ಎಂತದಕ್ಕೆ ಬೇಜಾರು ಮಾಡ್ಕೊಳ್ಳುದು? ನಾನೇ ಬರ್ಬಾರದಿತ್ತು. ಹಬ್ಬದ ಮನೆ. ಅಕ್ಕನಿಗೆ ಹೇಳಿ, ನಂಗೆ ಏನೂ ಇಲ್ಲ ಅಂತ."

ಅತ್ತೆ ಫೋನಿಗೆ ಕೈ ಚಾಚುವಷ್ಟರಲ್ಲಿ, ಕುಕ್ಕರ್ ಕೂಗಿತು ಎಂದು ಅವರು ಇಟ್ಟುಬಿಟ್ಟರು. ನನಗೆ ಕುಕ್ಕರ್ ಕೇಳಿಸಲಿಲ್ಲ.

ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ. ಆ್ಯಪ್‌ನಲ್ಲೇ ದೂರು ಕೊಡುವ ಜಾಗ ಹುಡುಕಿದೆ. ಅಲ್ಲಿ ಮನುಷ್ಯರಿರಲಿಲ್ಲ, ನಗುಮುಖದ ಒಂದು ಗೊಂಬೆ ಇತ್ತು. ಬಟನ್ ಯಾಕೆ ಬದಲಿಸಿದಿರಿ ಎಂದು ಕೇಳಿದೆ. ನಿಮಗೆ ಆದ ಅನಾನುಕೂಲ ನನಗೆ ಸಂಪೂರ್ಣ ಅರ್ಥವಾಗುತ್ತದೆ ಎಂದಿತು. ಏನು ಅರ್ಥವಾಯಿತು ಹೇಳು ಎಂದೆ. ನಿಮ್ಮ ಗೇಟು ತೆರೆಯುತ್ತಿಲ್ಲ ಎಂದು ಅರ್ಥವಾಯಿತು ಎಂದಿತು. ಗೇಟು ತೆರೆಯುತ್ತದೆ, ನನ್ನ ಅತ್ತೆಯ ಗೆಳತಿಗೆ ಅವಮಾನವಾಗಿದೆ ಎಂದು ಬರೆದೆ. ಗೆಳತಿಯನ್ನು ಸೇರಿಸಿ ಬಹುಮಾನ ಗೆಲ್ಲಿ ಎಂಬ ಯೋಜನೆಯ ವಿವರ ಕಳಿಸಿತು. ಕೊನೆಗೆ ಈ ಸಂಭಾಷಣೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿತು. ಬ್ಯಾಂಕಿನಲ್ಲಿ ಇಷ್ಟು ವರ್ಷ ಜನರ ಬೈಗುಳ ತಿಂದವಳು ನಾನು, ಕೌಂಟರಿನ ಆ ಕಡೆ ನಿಂತು ಬೈಯಲು ಒಬ್ಬ ಮನುಷ್ಯ ಸಿಕ್ಕಿದ್ದರೂ ಸಾಕಿತ್ತು.

ಸೊಸೈಟಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬರೆದೆ. ಹೆಬ್ಬೆರಳು, ಕೈಮುಗಿದ ಚಿತ್ರ, ಒಂದು ಅಳುವ ಮುಖ ಬಂದವು. ಸೆಕ್ರೆಟರಿ ಮಾತ್ರ ವಾಕ್ಯ ಬರೆದರು. ಎರಡು ದಿನದಲ್ಲಿ ಎಲ್ಲರಿಗೂ ಅಭ್ಯಾಸವಾಗುತ್ತದೆ ಆಂಟಿ ಎಂದು. ಅವರಿಗೂ ನನಗೂ ಹೆಚ್ಚೆಂದರೆ ಐದು ವರ್ಷ ವ್ಯತ್ಯಾಸ.

ಅತ್ತೆ ಆ ಟ್ಯಾಬನ್ನು ಮತ್ತೆ ಮುಟ್ಟಲಿಲ್ಲ. ಅದು ಟಿಂಗ್ ಟಿಂಗ್ ಎಂದಾಗ ಕೈಯನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದರು. ಮಗಳು ಅಜ್ಜಿಗೆ ಖುಷಿಯಾಗಲಿ ಎಂದು ಗೊಂಬೆಗಳ ರೀಲ್ ಮಾಡಿ ಹಾಕಿದಳು. ಹಿಂದೆ ವೀಣೆ, ಮುಂದೆ ದೀಪ, ಚೆನ್ನಾಗಿಯೇ ಇತ್ತು. "ಅಜ್ಜಿ, ಎಷ್ಟು ಜನ ಲೈಕ್ ಮಾಡಿದ್ದಾರೆ ನೋಡಿ" ಎಂದು ತೋರಿಸಿದಳು. ಅತ್ತೆ ನೋಡಿದರು. "ಇವರಲ್ಲಿ ಬರೋವ್ರು ಯಾರು?" ಎಂದು ಕೇಳಿದರು. ಆ ವಾರ ಮಾಡಿದ ಉಸಲಿ ಮಿಕ್ಕಿ ವಾಚ್‌ಮನ್‌ಗೂ ಮನೆಗೆಲಸದವಳಿಗೂ ಹೋಯಿತು.

ವಿಜಯದಶಮಿಯ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಚೀಲದಲ್ಲಿ ಅರಿಶಿನ ಕುಂಕುಮದ ಭರಣಿ, ಹೂವು, ಹಣ್ಣು, ಆ ಹಸಿರು ಅಂಚಿನ ಸೀರೆ.

"ನಡಿ ಬೈಕುಲ್ಲಾಗೆ. ಫೋನ್ ಮಾಡ್ಬೇಡ. ಮಾಡಿದ್ರೆ ಏನಾದ್ರೂ ನೆಪ ಹೇಳಿ ಬೇಡ ಅಂತಾರೆ."

ಟ್ಯಾಕ್ಸಿಯಲ್ಲಿ ಹೋದೆವು. ದಾರಿಯುದ್ದಕ್ಕೂ ಅತ್ತೆ ಒಂದೇ ಮಾತನ್ನು ಮನಸ್ಸಿನಲ್ಲಿ ಉರು ಹೊಡೆಯುತ್ತಿದ್ದರೆಂದು ತುಟಿಗಳಿಂದ ಗೊತ್ತಾಗುತ್ತಿತ್ತು. ಬೈಕುಲ್ಲಾದವರು ಮೊದಲು ಇದ್ದದ್ದು ಮಾರ್ಕೆಟ್ಟಿನ ಹತ್ತಿರ ಸಾಲುಮನೆಗಳ ಚಾಳಿನಲ್ಲಿ, ಬೀದಿಯಿಂದಲೇ ಕೂಗಿದರೆ ಕಿಟಕಿಗೆ ಬರುತ್ತಿದ್ದರು. ಈಗ ಮಗನ ಜೊತೆ ಹೊಸ ಟವರಿನಲ್ಲಿದ್ದಾರೆ. ಟ್ಯಾಕ್ಸಿ ನಿಂತ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಗೇಟಿನ ಮೇಲಿನ ಫಲಕ. ಅದೇ ಆ್ಯಪ್, ಅದೇ ತೋರಣ, ಅದೇ ದಾಂಡಿಯಾ ಕೋಲು. ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ವಾಚ್‌ಮನ್ ಫೋನ್ ಎತ್ತಿದ. ಅತ್ತೆ ಸೆರಗು ಸರಿ ಮಾಡಿಕೊಂಡು, ಗಲ್ಲ ಎತ್ತಿ, ಮದುವೆ ಮನೆಯಲ್ಲಿ ನಿಂತ ಹಾಗೆ ಫೋಟೋಗೆ ನಿಂತರು. ಟಿಂಗ್ ಎಂದು ಹೋಯಿತು. ನಾವು ಕಾದೆವು. ಅವನು ಪರದೆ ನೋಡಿ, ನಮ್ಮ ಮುಖ ನೋಡಿ, ದನಿ ತಗ್ಗಿಸಿ "ಮನಾ ಹೈ" ಎಂದ.

ಅತ್ತೆಗೆ ಅಷ್ಟು ಹಿಂದಿ ಬರುತ್ತದೆ. ಅವರ ಮುಖ ಇಳಿದುಹೋಯಿತು. ಚೀಲವನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ತಿರುಗಿದರು.

"ನಡಿ, ಹೋಗೋಣ."

"ಅತ್ತೆ, ಬಟನ್ನಿಂದಲೇ ಆಗಿರಬೇಕು. ನಮ್ಮಲ್ಲಿ ಆದ ಹಾಗೇ—"

"ಬಟನ್ನೂ ಇಲ್ಲ ಗಿಟನ್ನೂ ಇಲ್ಲ. ಅವರಿಗೆ ನಾನು ಬೇಡ. ಅವರು ಬೇಡ ಅನ್ನೋದು ಸರಿಯಾಗೇ ಇದೆ, ನಾನು ಮಾಡಿದ್ದಕ್ಕೆ."

ನನಗೆ ರೇಗಿತು. ಅತ್ತೆಯ ಮೇಲೂ ರೇಗಿತು. ಇಡೀ ಮುಂಬೈಯಲ್ಲಿ ಈ ಬಟನ್ ವಿಷಯ ಇವರಷ್ಟು ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ. ತಾವೇ ಒತ್ತಿ ತಾವೇ ಮೋಸ ಹೋದವರು. ಅವರೇ ಗೇಟಿನಲ್ಲಿ ನಿಂತು ಬೇಡ ಎಂಬ ಮಾತು ಕೇಳಿದ ಕೂಡಲೇ, ಬಟನ್ ಮರೆತು, ಗೆಳತಿಯ ಮನಸ್ಸೇ ಬೇಡ ಅಂದಿದೆ ಎಂದುಕೊಂಡರು. ಹಾಗಿದ್ದರೆ ಏನೂ ತಿಳಿಯದೆ ಅವತ್ತು ನಮ್ಮ ಗೇಟಿನಲ್ಲಿ ನಿಂತ ಆ ಹೆಂಗಸು ಇನ್ನೇನು ಅಂದುಕೊಳ್ಳಬೇಕಿತ್ತು? ಅತ್ತೆ ಬೇಡ ಬೇಡ ಎನ್ನುತ್ತಿದ್ದಂತೆ ನಾನು ಫೋನ್ ಮಾಡಿದೆ. ಸ್ಪೀಕರ್ ಹಾಕಿದೆ. ಮೊದಲ ರಿಂಗಿಗೇ ಎತ್ತಿದರು.

"ಎಲ್ಲಿದ್ದೀರಿ ಮಾರಾಯ್ರೆ ನೀವು? ಅಕ್ಕನ ಫೋಟೋ ಬಂತು, ಬಾಗಿಲು ತೆಗ್ದು ನಿಂತಿದ್ದೇನೆ. ಲಿಫ್ಟ್ ಬರುದಿಲ್ವಾ?"

"ಗೇಟಲ್ಲೇ ಇದ್ದೀವಿ" ಎಂದೆ. "ಬೇಡ ಅಂತ ಬಂದಿದೆ ಇಲ್ಲಿ."

"ಬೇಡ ಅಂತ ಯಾರು ಹೇಳಿದ್ದು? ಈ ವಾರ ಎಲ್ಲ ಮಗನೇ ಒತ್ತಿದ್ದು, ಈಗ ಮನೆಯಲ್ಲಿ ನಾನೊಬ್ಳೇ ಇರುದು. ನಾನೇ ಒತ್ತಿದ್ದು, ಯಾವಾಗ್ಲೂ ಒತ್ತುವ ಕಡೆಯೇ..."

ಮಾತು ಅಲ್ಲಿಗೇ ನಿಂತಿತು. ಆಮೇಲೆ "ಅಯ್ಯೋ ದೇವರೇ" ಎಂದರು. "ಅಕ್ಕನನ್ನು ಹೋಗ್ಲಿಕ್ಕೆ ಬಿಡ್ಬೇಡಿ. ಹಿಡ್ಕೊಳ್ಳಿ ಅವರನ್ನು."

ಹಿಡಿದುಕೊಳ್ಳುವ ಅಗತ್ಯವಿರಲಿಲ್ಲ. ಅತ್ತೆ ಅಲ್ಲೇ ವಾಚ್‌ಮನ್ ಕುರ್ಚಿಯ ಮೇಲೆ ಕುಸಿದು ಕೂತಿದ್ದರು. ಬೈಕುಲ್ಲಾದವರು ಲಿಫ್ಟಿನಿಂದ ಬರಿಗಾಲಲ್ಲಿ ಬಂದರು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇತ್ತು. ವಾಚ್‌ಮನ್ ತನ್ನ ಕರ್ತವ್ಯ ಬಿಡದೆ ಫೋಟೋವನ್ನು ಅವರ ಕೈಯಲ್ಲಿದ್ದ ಫೋನಿಗೆ ಮತ್ತೆ ಕಳಿಸಿ, ಈಗಲಾದರೂ ಅಪ್ರೂವ್ ಒತ್ತಿ, ಇಲ್ಲದಿದ್ದರೆ ಗೇಟು ತೆರೆಯಲು ನನಗೆ ಪರ್ಮಿಷನ್ ಇಲ್ಲ ಎಂದ. ಅವರು ಆ ಎರಡು ಬೂದಿ ಬಟನ್ ಕಡೆ ನೋಡಿದರು. ಮುಟ್ಟಲಿಲ್ಲ. ತಾವೇ ಗೇಟಿನ ಹೊರಗೆ ಬಂದು, ಫುಟ್‌ಪಾತಿನ ಕಟ್ಟೆಯ ಮೇಲೆ ಅತ್ತೆಯ ಕುರ್ಚಿಯ ಪಕ್ಕ ಕೂತುಬಿಟ್ಟರು.

ಅತ್ತೆ ಟ್ಯಾಕ್ಸಿಯಲ್ಲಿ ಉರು ಹೊಡೆದದ್ದನ್ನೆಲ್ಲ ಬಿಟ್ಟು ಚೀಲದಿಂದ ಸೀರೆ ತೆಗೆದು ಅವರ ಮಡಿಲಿಗಿಟ್ಟರು. ಹೂವು ಮುಡಿಸಿದರು. ಭರಣಿ ತೆರೆದಾಗ ಬೈಕುಲ್ಲಾದವರು ಮುಖ ಹಿಂದಕ್ಕೆ ತೆಗೆದರು, ಅತ್ತೆ ಗಲ್ಲ ಹಿಡಿದು ತಿರುಗಿಸಿ ಬಲಗೈಯ ಬೆರಳಿನಿಂದ ಹಣೆಗಿಟ್ಟರು. ಪಾರ್ಸೆಲ್ ಹುಡುಗರ ಬೈಕುಗಳು ನಮ್ಮನ್ನು ಸುತ್ತುಹಾಕಿ ಹೋಗುತ್ತಿದ್ದವು.

"ಅಕ್ಕ" ಎಂದರು ಬೈಕುಲ್ಲಾದವರು. "ಅವತ್ತು ನೀವು ನಿಜವಾಗ್ಲೂ ಬಾಗಿಲು ತೆಗ್ದು ಕೂತಿದ್ದದ್ದಾ?"

"ಇವಳು ಆಫೀಸಿಂದ ಬರೋ ತನಕ" ಎಂದರು ಅತ್ತೆ. "ಲಿಫ್ಟ್ ಬಂದಾಗೆಲ್ಲ ಎದ್ದು ನಿಂತೆ."

ಬೈಕುಲ್ಲಾದವರು ಸೀರೆಯ ಅಂಚನ್ನು ಕಣ್ಣಿಗೊತ್ತಿಕೊಂಡರು. "ನಾನು ಆ ಗೇಟಿನಿಂದ ಸ್ಟೇಷನ್ ವರೆಗೆ ನಿಮ್ಮನ್ನು ಬೈಕೊಂಡು ಹೋದೆ" ಎಂದರು.